ಪೆನಾಂಗ್ ಹಾಕರ್ ಸೆಂಟರಿನಲ್ಲಿ ಮನೆಮಂದಿಯ ಮಧ್ಯಾಹ್ನದ ಊಟ: ಹೊರಡುವ ಮೊದಲಿಂದ ಕಟ್ಟಿಸಿಕೊಳ್ಳುವ ತನಕ

ಮಲೇಷ್ಯಾದ ಪೆನಾಂಗಿಗೆ ಬರುವ ನಮ್ಮೂರಿನ ಕುಟುಂಬಗಳು ಹಾಕರ್ ಸೆಂಟರಿನಲ್ಲಿ ಎಡವುವುದು ಹೆಚ್ಚುಕಡಿಮೆ ಒಂದೇ ರೀತಿ. ಸಂಜೆ ತೆರೆಯುವ ಜಾಗಕ್ಕೆ ಮಧ್ಯಾಹ್ನ ಒಂದಕ್ಕೆ ಹೋಗಿ, ಮುಚ್ಚಿದ ಗಾಡಿಗಳ ಮುಂದೆ ನಿಲ್ಲುತ್ತಾರೆ. ಇಲ್ಲವೇ ಆರು ಜನ ಆರು ದಿಕ್ಕಿಗೆ ಚದುರಿ, ಒಬ್ಬೊಬ್ಬರೂ ಒಂದೊಂದು ದೊಡ್ಡ ಪ್ಲೇಟು ಹೇಳಿ, ಎರಡನೇ ಬಗೆಗೆ ಹೊಟ್ಟೆಯಲ್ಲಿ ಜಾಗವಿಲ್ಲದೆ ಕೂರುತ್ತಾರೆ. ಮನೆಯ ಹಿರಿಯರು ಶಾಕಾಹಾರಿಗಳಾಗಿದ್ದರೆ ಅವರಿಗೆ ಉಳಿಯುವುದು ಬರೀ ಕಬ್ಬಿನ ಹಾಲು.

ನೆಂಟರನ್ನು ಕರೆದುಕೊಂಡು ಹೋಗಿ ಇದೆಲ್ಲವನ್ನೂ ನಾನೂ ಮಾಡಿದ್ದೇನೆ. ಆಮೇಲೆ ಗೊತ್ತಾಗಿದ್ದು ಇಷ್ಟು: ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಸರಿಯಾದರೆ ಉಳಿದದ್ದು ತಾನಾಗಿಯೇ ಸರಿಹೋಗುತ್ತದೆ. ಅದಕ್ಕೇ ಕ್ರಮವಾಗಿ ಬರೆಯುತ್ತಿದ್ದೇನೆ.

ಮೂರು ಹೆಸರು ಮೊದಲು ತಿಳಿದಿರಲಿ. ಹಾಕರ್ ಸೆಂಟರ್ ಅಂದರೆ ಒಂದೇ ಚಾವಣಿಯಡಿ ಹತ್ತಾರು ಗಾಡಿಗಳು, ಒಂದೊಂದರಲ್ಲಿ ಒಂದೋ ಎರಡೋ ಬಗೆ, ಮೇಜುಗಳು ಎಲ್ಲರಿಗೂ. ಕೋಪಿತಿಯಾಮ್ ಅಂದರೆ ಹಳೇ ಕಾಲದ ಚೀನೀ ಕಾಫಿ ಅಂಗಡಿ. ಮಾಲೀಕ ಕಾಫಿ, ಟೀ ಮಾರುತ್ತಾನೆ, ಒಳಗಿನ ಗಾಡಿಗಳು ಅವನಿಗೆ ಬಾಡಿಗೆ ಕೊಡುತ್ತವೆ. ಮಾಮಾಕ್ ಅಂದರೆ ತಮಿಳು ಮುಸ್ಲಿಮರ ಹೋಟೆಲು, ರೊಟ್ಟಿ ಮತ್ತು ಟೀಯ ಜಾಗ.

ಹಂತ 1: ಮಧ್ಯಾಹ್ನ ತೆರೆದಿರುವ ಜಾಗವನ್ನೇ ಆರಿಸಿ

ಪ್ರವಾಸಿಗರೆಲ್ಲ ಹೆಸರು ಹೇಳುವ ಗರ್ನಿ ಡ್ರೈವ್, ನ್ಯೂ ಲೇನ್, ಚುಲಿಯಾ ಸ್ಟ್ರೀಟಿನ ಗಾಡಿಗಳು ಸಂಜೆಯವು. ಕೌಲಾಲಂಪುರದ ಜಲಾನ್ ಆಲೋರ್ ಕೂಡ ಜೀವ ಪಡೆಯುವುದು ಕತ್ತಲಾದ ಮೇಲೆ. ಮಧ್ಯಾಹ್ನಕ್ಕೆ ಪೆನಾಂಗಿನ ಮುಖ್ಯ ಊರಾದ ಜಾರ್ಜ್‌ಟೌನಿನಲ್ಲಿ ಸ್ವಾಟೋ ಲೇನಿನ ನ್ಯೂ ವರ್ಲ್ಡ್ ಪಾರ್ಕ್, ಸೆಸಿಲ್ ಸ್ಟ್ರೀಟ್ ಮಾರುಕಟ್ಟೆ, ಇಲ್ಲವೇ ಪೆನಾಂಗ್ ರೋಡಿನ ಚೆಂದೋಲ್ (ಐಸ್, ತೆಂಗಿನ ಹಾಲಿನ ಸಿಹಿ) ಗಾಡಿಯ ಸುತ್ತಮುತ್ತಲಿನ ಕೋಪಿತಿಯಾಮ್‌ಗಳನ್ನು ನೋಡಿ. ಕೌಲಾಲಂಪುರದಲ್ಲಿ ಸೆಖೆ ತಡೆಯದ ಹಿರಿಯರಿದ್ದರೆ ಬುಕಿತ್ ಬಿಂತಾಂಗಿನ ಲಾಟ್ 10 ಮಾಲ್‌ನ ನೆಲಮಾಳಿಗೆಯ ಹುಟೋಂಗ್ ಫುಡ್ ಕೋರ್ಟ್ ಇದೆ, ಏಸಿ ಸಮೇತ.

ಹನ್ನೊಂದೂವರೆಗೆ ಹೋಗಿ ಕೂತುಬಿಡಿ. ಹನ್ನೆರಡರಿಂದ ಎರಡರ ತನಕ ಆಫೀಸಿನವರ ನೂಕುನುಗ್ಗಲು. ಎರಡರ ಮೇಲೆ ಹೋದರೆ ಒಳ್ಳೆಯ ಗಾಡಿಗಳು ಮಾಲು ಮುಗಿಸಿ ತೊಳೆಯುತ್ತಿರುತ್ತವೆ. ವಾರದಲ್ಲಿ ಒಬ್ಬೊಬ್ಬರ ರಜೆ ಒಂದೊಂದು ದಿನ, ಹಾಗಾಗಿ ಒಂದೇ ಗಾಡಿಯನ್ನು ನಂಬಿ ಹೊರಡಬೇಡಿ.

ಶುಕ್ರವಾರ ಒಂದರಿಂದ ಎರಡರ ಆಸುಪಾಸು ನಮಾಜಿನ ಹೊತ್ತು, ಮುಸ್ಲಿಮರ ಗಾಡಿಗಳು ಹಲವು ಮುಚ್ಚಿರುತ್ತವೆ. ರಂಜಾನ್ ತಿಂಗಳಲ್ಲಿ ಹಗಲು ಅವು ತೆರೆಯುವುದೇ ಕಡಿಮೆ. ಚೀನೀ ಹೊಸ ವರ್ಷದ ದಿನಗಳಲ್ಲಿ ಚೀನೀಯರ ಗಾಡಿಗಳು ಸಾಲಾಗಿ ರಜೆ. ಟಿಕೆಟ್ ತೆಗೆಯುವಾಗಲೇ ಕ್ಯಾಲೆಂಡರ್ ನೋಡಿ.

ಹಂತ 2: ಯಾರು ಏನು ತಿನ್ನುವುದಿಲ್ಲ ಅನ್ನುವುದು ಹೊರಡುವ ಮೊದಲೇ ಇತ್ಯರ್ಥವಾಗಲಿ

ಅತಿ ಹೆಚ್ಚು ಜನ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಮೊದಲ ಗಂಡಾಂತರ ‘ದಾಗಿಂಗ್’ ಅನ್ನುವ ಪದ. ಡಿಕ್ಷನರಿ ಪ್ರಕಾರ ಅದು ಮಾಂಸ. ಆದರೆ ಮಲೇಷ್ಯಾದ ಬೋರ್ಡಿನ ಮೇಲೆ ಬರೀ ದಾಗಿಂಗ್ ಅಂತಿದ್ದರೆ ಅದು ದನದ ಮಾಂಸ ಅಂತಲೇ ತಿಳಿಯಿರಿ. ಸಾತೆ, ಅಂದರೆ ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟ ಮಾಂಸ, ಹೇಳುವಾಗ ಆಯಾಮ್ ಅಂದರೆ ಕೋಳಿ, ಕಾಂಬಿಂಗ್ ಅಂದರೆ ಮೇಕೆ ಅಥವಾ ಕುರಿ. ಇನ್ನೊಂದು ಕಡೆಯಿಂದಲೂ ಈ ಪದ ಕೈಕೊಡುತ್ತದೆ. ಶಾಕಾಹಾರಿಗಳು ‘ದಾಗಿಂಗ್ ತಿನ್ನುವುದಿಲ್ಲ’ ಅಂದರೆ, ಗಾಡಿಯವನು ತಲೆಯಾಡಿಸಿ ಕೋಳಿ ಹಾಕಿ ಕೊಟ್ಟಾನು. ಅವನ ತಪ್ಪೇನಿಲ್ಲ, ನೀವು ದನದ ಮಾಂಸ ಬೇಡ ಅಂದಿರಿ ಅಷ್ಟೆ.

ಎರಡನೆಯದು ಬೆಲಾಚಾನ್, ಅಂದರೆ ಸಿಗಡಿಯನ್ನು ಉಪ್ಪು ಹಾಕಿ ಹುಳಿಯಿಸಿ ಒಣಗಿಸಿದ ಗಟ್ಟಿ. ನಾವು ಒಗ್ಗರಣೆಗೆ ಇಂಗು ಹಾಕಿದ ಹಾಗೆ ಇದನ್ನು ಅವರು ಸಾಂಬಾಲ್ ಚಟ್ನಿಗೆ, ಸೊಪ್ಪಿನ ಪಲ್ಯಕ್ಕೆ, ಸಾರಿಗೆ ಹಾಕುತ್ತಾರೆ. ತಟ್ಟೆಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ಪೆನಾಂಗಿನಲ್ಲಿ ಇದರ ತಮ್ಮ ಒಬ್ಬನಿದ್ದಾನೆ, ಹೇ ಕೋ. ಕಾಕಂಬಿಯ ಹಾಗೆ ಕಪ್ಪಗೆ, ಸಿಹಿಯಾಗಿರುವ ಸಿಗಡಿ ಪಾಕ. ಹಣ್ಣು ತರಕಾರಿ ಹೆಚ್ಚಿ ಕಲಸಿದ ರೋಜಾಕ್ ನೋಡಿದರೆ ಯಾರಾದರೂ ಶಾಕಾಹಾರಿ ಅಂತಲೇ ಅಂದುಕೊಳ್ಳುತ್ತಾರೆ. ನಮ್ಮ ಚಿಕ್ಕಮ್ಮ ಅರ್ಧ ತಟ್ಟೆ ಮುಗಿಸಿ, ‘ಹುಣಸೆಹಣ್ಣಿನ ಗೊಜ್ಜು ಚೆನ್ನಾಗಿದೆ, ಆದರೆ ಏನೋ ಒಂಥರಾ ವಾಸನೆ ಕಣೋ’ ಅಂದಾಗ ನನಗೆ ಹೊಳೆದಿದ್ದು. ಆಮೇಲಿನ ಕಥೆ ಬೇಡ.

ಮೂರನೆಯದು ಹಂದಿ ಕೊಬ್ಬು. ಚೀನೀ ಗಾಡಿಯ ಹುರಿದ ನೂಡಲ್ಸ್‌ನಲ್ಲಿ ಎಣ್ಣೆಯ ಜಾಗದಲ್ಲಿ ಹೆಚ್ಚಾಗಿ ಅದೇ ಇರುತ್ತದೆ, ಗರಿಗರಿ ಚೂರುಗಳಾಗಿಯೂ ಮೇಲೆ ಬೀಳುತ್ತದೆ. ಪೆನಾಂಗಿನ ಕರಿ ಮೀ ಅನ್ನುವ ಮಸಾಲೆ ಸಾರಿನ ನೂಡಲ್ಸ್‌ನಲ್ಲಿ ಹೆಪ್ಪುಗಟ್ಟಿಸಿದ ಹಂದಿ ರಕ್ತದ ತುಂಡು ಹಾಕುವುದೂ ಉಂಟು. ಹಂದಿ ತಿನ್ನದವರು ಹಲಾಲ್ ಫಲಕವಿರುವ ಗಾಡಿಯಲ್ಲಿ ಮಾತ್ರ ಹೇಳಿ. ಒಂದು ಸೂಕ್ಷ್ಮ: ಮುಸ್ಲಿಮರ ಗಾಡಿಯ ಮುಂದೆ ನಿಂತು ‘ಹಂದಿ ಇದೆಯಾ’ ಅಂತ ಕೇಳಬೇಡಿ, ಅವರಿಗೆ ನೋವಾಗುತ್ತದೆ.

ಹಾಗಾದರೆ ಶಾಕಾಹಾರಿಗಳಿಗೆ ಏನು? ಚೀನೀ ಬೌದ್ಧರ ಶಾಕಾಹಾರಿ ಗಾಡಿ ಹುಡುಕಿ. ಹಳದಿ ಅಥವಾ ಕೆಂಪು ಬೋರ್ಡಿನಲ್ಲಿ ಸ್ವಸ್ತಿಕದಂಥ ಗುರುತು ಹಲವು ಕಡೆ ಇರುತ್ತದೆ. ಇಲ್ಲಿ ಪಾರಂಪರಿಕವಾಗಿ ಈರುಳ್ಳಿ, ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ, ನಮ್ಮ ಮಡಿ ಅಡುಗೆಯ ಹಾಗೆ. ಕೋಳಿ, ಮೀನಿನ ಆಕಾರದ ತುಂಡು ಕಂಡು ಗಾಬರಿ ಬೀಳಬೇಡಿ, ಅದು ಸೋಯಾ ಅಥವಾ ಗೋಧಿಯ ಅಂಟಿನಲ್ಲಿ ಮಾಡಿದ್ದು. ಮೊಟ್ಟೆಯನ್ನು ಮಾತ್ರ ಕೇಳಿಕೊಳ್ಳಿ, ಕೆಲವರು ಹಾಕುತ್ತಾರೆ. ಚಾಂದ್ರಮಾನದ ಮೊದಲ ಮತ್ತು ಹದಿನೈದನೇ ದಿನ, ಅಂದರೆ ಅಮಾವಾಸ್ಯೆ ಹುಣ್ಣಿಮೆಯ ಹೊತ್ತಿಗೆ, ಚೀನೀಯರಲ್ಲಿ ಅನೇಕರು ಮಾಂಸ ಬಿಡುತ್ತಾರೆ. ಆ ದಿನಗಳಲ್ಲಿ ಹೋದರೆ ಶಾಕಾಹಾರಿ ಬಗೆಗಳು ಜಾಸ್ತಿ ಸಿಗುತ್ತವೆ.

ಹೊಕ್ಕಿಯೆನ್ ಅನ್ನುವ ಚೀನೀ ಮಾತಿನಲ್ಲಿ ‘ಚಿಯಾ ಚಾಯ್’ ಅಂದರೆ ಶಾಕಾಹಾರ ತಿನ್ನುವವರು. ಪೆನಾಂಗಿನ ಚೀನೀಯರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಮಲಯದವರ ಹತ್ತಿರ ಒಂದೊಂದಾಗಿ ಹೇಳಿ: ‘ತಾ ಮಾವ್ ಆಯಾಮ್, ಇಕಾನ್, ಉದಾಂಗ್, ತೆಲೂರ್, ಬೆಲಾಚಾನ್.’ ಕೋಳಿ, ಮೀನು, ಸಿಗಡಿ, ಮೊಟ್ಟೆ, ಬೆಲಾಚಾನ್ ಬೇಡ ಅಂತ. ಬರೀ ‘ವೆಜ್’ ಅಂದರೆ ಸಾಲದು. ಮಾಮಾಕ್ ಕಡೆ ನಿಮಗೆ ನಾಲ್ಕು ಮಾತು ತಮಿಳು ಬಂದರೆ ಸಾಕು, ಕೆಲಸ ಸಲೀಸು.

ಹಂತ 3: ಕೈಚೀಲದಲ್ಲಿ ಏನಿರಬೇಕು

ಒಂದು, ಐದು, ಹತ್ತು, ಇಪ್ಪತ್ತರ ರಿಂಗಿಟ್ ನೋಟುಗಳು. ಇಲ್ಲಿನವರು ಫೋನಿನಲ್ಲಿ ಕ್ಯೂಆರ್ ತೋರಿಸಿ ಕೊಟ್ಟುಬಿಡುತ್ತಾರೆ, ಆದರೆ ನಿಮಗೆ ನಗದೇ ಗಟ್ಟಿ. ನೂರರ ನೋಟು ಹಿಡಿದು ನಿಂತರೆ ಹಿಂದಿನ ಸಾಲೆಲ್ಲ ನಿಮ್ಮನ್ನೇ ನೋಡುತ್ತದೆ. ಶೌಚಾಲಯಕ್ಕೂ ಚಿಲ್ಲರೆ ಬೇಕಾಗಬಹುದು.

ಟಿಶ್ಯೂ ಪೊಟ್ಟಣ, ಒದ್ದೆ ವೈಪ್ಸ್ ಮರೆಯಬೇಡಿ. ಹಾಕರ್ ಸೆಂಟರಿನಲ್ಲಿ ಅದನ್ನು ಯಾರೂ ಕೊಡುವುದಿಲ್ಲ. ಮಕ್ಕಳಿದ್ದರೆ ಒಂದು ಖಾಲಿ ಸ್ಟೀಲ್ ಡಬ್ಬಿ. ಮಕ್ಕಳ ಎತ್ತರದ ಕುರ್ಚಿ ಸಿಗುತ್ತದೆ ಅಂತ ನಂಬಿಕೊಳ್ಳಬೇಡಿ. ನೆಲಗಡಲೆಯ ಅಲರ್ಜಿ ಇರುವ ಮಗು ಇದ್ದರೆ ‘ಕಾಚಾಂಗ್’ ಅನ್ನುವ ಪದ ಬಾಯಿಪಾಠವಾಗಿರಲಿ. ಸಾತೆಯ ಗೊಜ್ಜು, ರೋಜಾಕ್, ಆಪಾಮ್ ಬಾಲಿಕ್ ಅನ್ನುವ ಮಡಿಸಿದ ಸಿಹಿ ದೋಸೆ, ಮೂರರಲ್ಲೂ ಅದಿದೆ.

ಹಂತ 4: ಮೊದಲು ಮೇಜು, ಆಮೇಲೆ ಊಟ

ನಮ್ಮ ದರ್ಶಿನಿಯ ಕ್ರಮವನ್ನು ಇಲ್ಲಿ ತಲೆಕೆಳಗು ಮಾಡಬೇಕು. ದರ್ಶಿನಿಯಲ್ಲಿ ದುಡ್ಡು, ಟೋಕನ್, ತಟ್ಟೆ, ಕೊನೆಗೆ ನಿಲ್ಲಲು ಜಾಗ. ಇಲ್ಲಿ ಮೊದಲು ಜಾಗ, ಆಮೇಲೆ ಆರ್ಡರ್, ತಟ್ಟೆ ಮೇಜಿಗೆ ಬಂದ ಮೇಲೆ ಹೆಚ್ಚಿನ ಕಡೆ ದುಡ್ಡು.

ಮೇಜಿನ ಮೇಲೋ ಬದಿಯಲ್ಲೋ ನಂಬರ್ ಬರೆದಿರುತ್ತದೆ. ಅದನ್ನು ಎಲ್ಲರೂ ನೆನಪಿಟ್ಟುಕೊಳ್ಳಿ, ಫೋಟೊ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಮಲಯದಲ್ಲಿ ಮೇಜಿಗೆ ‘ಮೇಜಾ’ ಅಂತಲೇ ಅನ್ನುತ್ತಾರೆ, ಹಾಗಾಗಿ ಈ ಪದ ಕಲಿಯುವ ಕಷ್ಟವಿಲ್ಲ. ನಂಬರಿಲ್ಲದ ಕಡೆ ಗಾಡಿಯವರಿಗೆ ಬೆರಳು ಮಾಡಿ ತೋರಿಸಿ. ಹಿರಿಯರನ್ನು, ಮಕ್ಕಳನ್ನು ಅಲ್ಲಿ ಕೂರಿಸಿ. ಇಬ್ಬರು ಮಾತ್ರ ಆರ್ಡರಿಗೆ ಓಡಾಡಲಿ, ಒಬ್ಬರ ಕೈಯಲ್ಲಿ ಪರ್ಸ್.

‘ಲಾಯಾನ್ ದಿರಿ’ ಅಂತ ಬೋರ್ಡಿದ್ದರೆ ಸ್ವಸಹಾಯ, ನೀವೇ ಹೊತ್ತು ತರಬೇಕು.

ಹಂತ 5: ಕೂತ ತಕ್ಷಣ ಕುಡಿಯಲು ಹೇಳಿ

ಪಾನೀಯದವರು ಬೇರೆ, ಅಡುಗೆಯವರು ಬೇರೆ. ಕೂತ ಎರಡು ನಿಮಿಷಕ್ಕೆ ಪಾನೀಯದವರು ನಿಮ್ಮ ಮೇಜಿಗೇ ಬರುತ್ತಾರೆ. ಕೋಪಿತಿಯಾಮ್ ನಡೆಯುವುದೇ ಕಾಫಿ, ಟೀಯ ಲಾಭದ ಮೇಲೆ. ಆದ್ದರಿಂದ ಏನೂ ಹೇಳದೆ ಕೂರುವುದು ಸರಿಯಲ್ಲ, ಕೆಲವು ಕಡೆ ಅದಕ್ಕೆ ಸಣ್ಣ ಶುಲ್ಕವೂ ಇದೆ. ಹೊರಗಿನ ಬಾಟಲಿ ಮೇಜಿನ ಮೇಲಿಟ್ಟರೆ ಮುಖ ಗಂಟಿಕ್ಕುತ್ತಾರೆ. ತಲೆಗೊಂದು ಬೇಡ, ಆದರೆ ಹೆಚ್ಚಿನವರಿಗಾದರೂ ಹೇಳಿ.

ಕಾಫಿ ಹೇಳುವುದಕ್ಕೆ ಇಲ್ಲಿ ಒಂದು ವ್ಯಾಕರಣವೇ ಇದೆ. ಸುಮ್ನೆ ‘ಕೋಪಿ’ ಅಂದರೆ ಸಿಹಿಯಾದ ಕಂಡೆನ್ಸ್ಡ್ ಹಾಲು ಹಾಕಿದ್ದು. ‘ಕೋಪಿ ಓ’ ಅಂದರೆ ಹಾಲಿಲ್ಲದ, ಸಕ್ಕರೆ ಹಾಕಿದ ಕಪ್ಪು ಕಾಫಿ. ‘ಕೋಪಿ ಸಿ’ ಅಂದರೆ ಸಿಹಿಯಿಲ್ಲದ ಗಟ್ಟಿ ಹಾಲು ಮತ್ತು ಸಕ್ಕರೆ. ಕೊನೆಗೆ ‘ಕೋಸೋಂಗ್’ ಸೇರಿಸಿದರೆ ಸಕ್ಕರೆ ಬೇಡ. ಸಕ್ಕರೆ ಕಾಯಿಲೆಯವರು ‘ಕೋಪಿ ಸಿ ಕೋಸೋಂಗ್’ ಅನ್ನಲಿ. ಸ್ವಲ್ಪ ಸಕ್ಕರೆ ಸಾಕಾದವರು ‘ಕುರಾಂಗ್ ಮಾನಿಸ್’. ಐಸ್ ಬೇಕಿದ್ದರೆ ‘ಐಸ್’ ಅಥವಾ ‘ಪೆಂಗ್’. ಕಾಫಿಯ ಜಾಗದಲ್ಲಿ ‘ಟೇ’ ಅಂದರೆ ಟೀಗೂ ಇದೇ ಲೆಕ್ಕ. ಫಿಲ್ಟರ್ ಕಾಫಿಯ ಜೊತೆ ಹೋಲಿಸಲು ಹೋಗಬೇಡಿ. ಬೀಜವನ್ನು ಸಕ್ಕರೆ, ಮಾರ್ಗರಿನ್ ಹಾಕಿ ಹುರಿದಿರುತ್ತಾರೆ, ಸುಟ್ಟ ಬೆಲ್ಲದ ವಾಸನೆ ಬರುತ್ತದೆ. ನನಗೆ ಒಗ್ಗಲು ಆರು ತಿಂಗಳಾಯಿತು.

ಬೆಚ್ಚಗಿನ ನೀರು ಬೇಕಾದ ಅಜ್ಜಿಗೆ ‘ಆಯೆರ್ ಸುವಾಮ್’, ಮಕ್ಕಳಿಗೆ ಮೈಲೋ. ಖಾರ ಜಾಸ್ತಿಯಾದಾಗ ‘ಟೇ ಓ ಐಸ್ ಲಿಮಾವ್’, ನಿಂಬೆ ಹಿಂಡಿದ ತಣ್ಣನೆ ಕಪ್ಪು ಟೀ.

ಹಂತ 6: ಒಂದು ಸುತ್ತು ನೋಡಿ, ನಿಧಾನದ ಗಾಡಿಯಲ್ಲಿ ಮೊದಲು ಹೇಳಿ

ಓಡಾಡುವ ಇಬ್ಬರು ಒಮ್ಮೆ ಪೂರ್ತಿ ಸುತ್ತು ಹಾಕಲಿ. ಕಂಡ ಮೊದಲ ಗಾಡಿಯಲ್ಲೇ ಆರ್ಡರ್ ಮಾಡಬೇಡಿ. ಅಕ್ಕಪಕ್ಕದ ಮೇಜುಗಳಲ್ಲಿ ಏನು ಹೆಚ್ಚು ಕಾಣುತ್ತಿದೆ ನೋಡಿ, ಅದೇ ಅಲ್ಲಿನ ಮೆನು.

ಚಾರ್ ಕುವೇ ತಿಯೋ ಇದ್ದರೆ ಅದನ್ನೇ ಮೊದಲು ಹೇಳಿ. ಅಗಲ ಅಕ್ಕಿ ನೂಡಲ್ಸನ್ನು ಭಾರೀ ಉರಿಯಲ್ಲಿ ಸಿಗಡಿ, ಮೊಟ್ಟೆ, ಮೊಳಕೆ ಕಾಳಿನ ಜೊತೆ ಹುರಿಯುವ ಬಗೆ ಇದು. ಒಳ್ಳೆಯ ಅಡುಗೆಯವರು ಒಂದು ಸಲಕ್ಕೆ ಒಂದೋ ಎರಡೋ ಪ್ಲೇಟು ಮಾತ್ರ ಹುರಿಯುತ್ತಾರೆ, ಸಾಲು ಉದ್ದವಾಗುವುದು ಅದಕ್ಕೇ. ಕಾಯುವ ಹೊತ್ತಿನಲ್ಲಿ ಬೇಗ ಸಿಗುವ ಸಾತೆ, ಪೋಪಿಯಾ (ತೆಳು ಹಾಳೆಯಲ್ಲಿ ತರಕಾರಿ ಸುತ್ತಿದ ಸುರುಳಿ), ವಡೆ ತರಿಸಿ. ವಡೆ ಅಂದರೆ ನಮ್ಮ ಮಸಾಲೆ ವಡೆಯೇ, ತಮಿಳರ ಕೈಯಡುಗೆ. ತಲೆಯ ಮೇಲೆ ಇಡೀ ಸಿಗಡಿ ಅಂಟಿಸಿಕೊಂಡಿರುವ ವಡೆಯೂ ಅದೇ ಗಾಜಿನ ಪೆಟ್ಟಿಗೆಯಲ್ಲಿರುತ್ತದೆ, ಅದೇ ಎಣ್ಣೆಯಲ್ಲಿ ಬೆಂದಿರುತ್ತದೆ. ಕಟ್ಟುನಿಟ್ಟಿನವರು ಬಿಡಿ.

ಒಂದು ಬಗೆಗೆ ಒಂದೇ ಪ್ಲೇಟು, ಅದೂ ಸಣ್ಣದು. ‘ಕೆಚಿಲ್’ ಅಂದರೆ ಸಣ್ಣದು, ‘ಬೆಸಾರ್’ ಅಂದರೆ ದೊಡ್ಡದು. ಆರು ಜನಕ್ಕೆ ಮೊದಲ ಸುತ್ತಿನಲ್ಲಿ ನಾಲ್ಕು ಬಗೆ ಧಾರಾಳ. ಇಷ್ಟವಾದದ್ದನ್ನು ಎರಡನೇ ಸುತ್ತಿನಲ್ಲಿ ಮತ್ತೆ ತರಿಸಿ. ಎರಡು ಖಾಲಿ ತಟ್ಟೆ, ಜಾಸ್ತಿ ಚಮಚ ಕೇಳಿದರೆ ಕೊಡುತ್ತಾರೆ. ಎಂಜಲಿನ ಮುಜುಗರವಿರುವ ಮನೆಗಳಲ್ಲಿ ಬಂದ ತಕ್ಷಣ ಹಂಚಿಬಿಡಿ.

ನೂಡಲ್ಸ್ ಯಾವುದು ಅಂತ ಕೇಳಿದರೆ ತಡವರಿಸಬೇಡಿ. ‘ಮೀ’ ಅಂದರೆ ಹಳದಿ ಗೋಧಿ ಎಳೆ, ಕುವೇ ತಿಯೋ ಅಂದರೆ ಅಗಲ ಅಕ್ಕಿ ಪಟ್ಟಿ, ‘ಮೀ ಹೂನ್’ ಅಂದರೆ ನಮ್ಮ ಅಕ್ಕಿ ಶಾವಿಗೆಯಂಥ ಸಣ್ಣ ಎಳೆ. ಹಿರಿಯರಿಗೆ ಮೀ ಹೂನ್ ಹಗುರ. ಹೊಕ್ಕಿಯೆನ್ ಮೀ ಅನ್ನುವ ಹೆಸರು ಮಾತ್ರ ಮೋಸಗಾರ. ಪೆನಾಂಗಿನಲ್ಲಿ ಅದು ಸಿಗಡಿಯ ಕೆಂಪು ಸಾರು, ಕೌಲಾಲಂಪುರದಲ್ಲಿ ಸೋಯಾ ಹಾಕಿ ಕಪ್ಪಗೆ ಹುರಿದ ದಪ್ಪ ನೂಡಲ್ಸ್.

ಖಾರಕ್ಕೆ ಒಂದು ಮಾತು. ‘ಸಾಂಬಾಲ್ ಆಸಿಂಗ್’ ಅಂದರೆ ಚಟ್ನಿ ಬೇರೆ ಕೊಡುತ್ತಾರೆ. ‘ನಮಗೇನು ಖಾರ ಹೊಸದಾ’ ಅಂತ ಗುಂಟೂರು ಮೆಣಸಿನ ಜಂಬ ಬೇಡ. ಇಲ್ಲಿನ ಚಿಕ್ಕ ಚಿಲಿ ಪಾದಿ ಅಂದರೆ ನಮ್ಮ ಸೂಜಿ ಮೆಣಸಿನ ಬಳಗ.

ಕರೆಯುವಾಗ ಚೀನೀ ಹಿರಿಯರಿಗೆ ಅಂಕಲ್, ಆಂಟಿ. ಮಲಯದ ಹೆಂಗಸರಿಗೆ ಕಾಕ್, ಅಂದರೆ ಅಕ್ಕ. ಮಾಮಾಕ್‌ನಲ್ಲಿ ಬಾಸ್, ಇಲ್ಲವೇ ಅಣ್ಣೇ. ಚಿಟಿಕೆ ಹೊಡೆದು ಕರೆಯುವುದು ಬೇಡವೇ ಬೇಡ.

ಹಂತ 7: ಬಂದದ್ದನ್ನು ಯಾವ ಕ್ರಮದಲ್ಲಿ ತಿನ್ನಬೇಕು

ಹುರಿದದ್ದನ್ನು ಮೊದಲು ಮುಗಿಸಿ. ಬಾಣಲೆಯ ಆ ಹೊಗೆಯ ಘಮ ಐದು ನಿಮಿಷದ್ದು, ಫೋಟೊ ತೆಗೆಯುತ್ತಾ ಕೂತರೆ ತಣ್ಣಗಾಗಿ ಅಂಟಾಗುತ್ತದೆ. ಆಮೇಲೆ ಸಾರಿನವು. ಸಾರಿನಲ್ಲಿ ನೂಡಲ್ಸ್ ನೀರು ಕುಡಿದು ಊದಿಕೊಳ್ಳುವುದರಿಂದ ಒಟ್ಟಿಗೆ ಮೂರು ಬಟ್ಟಲು ತರಿಸಬೇಡಿ.

ಮೀನು ತಿನ್ನುವವರು ಪೆನಾಂಗಿನಲ್ಲಿ ಆಸಾಮ್ ಲಕ್ಸಾ ಅನ್ನುವ ಹುಳಿ ಮೀನುಸಾರಿನ ನೂಡಲ್ಸ್ ಬಿಡಬಾರದು. ತೆಂಗಿನ ಹಾಲಿಲ್ಲ, ಮೀನನ್ನು ಸಾರಿನಲ್ಲೇ ಬಿಡಿಸಿ ಹಾಕಿರುತ್ತಾರೆ, ಮೇಲೆ ಪುದೀನ, ಅನಾನಸ್, ಶುಂಠಿ ಜಾತಿಯ ಗಿಡದ ಗುಲಾಬಿ ಮೊಗ್ಗು. ಆ ಮೀನಿಗೆ ಇವರು ಕೆಂಬುಂಗ್ ಅನ್ನುತ್ತಾರೆ, ನಮ್ಮ ಕರಾವಳಿಯ ಬಂಗುಡೆಯೇ. ಹುಳಿಗೆ ಹುಣಸೆಯ ಜೊತೆ ಆಸಾಮ್ ಕೆಪಿಂಗ್ ಅನ್ನುವ ಒಣ ಹೋಳು, ಅದು ಉಪ್ಪಾಗೆಯ ದಾಯಾದಿ. ಮಂಗಳೂರಿನ ನನ್ನ ಗೆಳೆಯ ಮೊದಲ ಚಮಚಕ್ಕೇ ‘ಇದು ನಮ್ಮನೆ ಪುಳಿಮುಂಚಿಗೆ ಸಂಬಂಧವಯ್ಯಾ’ ಅಂದ. ಬಟ್ಟಲಿನ ಜೊತೆ ಬರುವ ಕಪ್ಪು ಹೇ ಕೋವನ್ನು ಪೂರ್ತಿ ಸುರಿಯಬೇಡಿ. ಅರ್ಧ ಕಲಸಿ, ರುಚಿ ನೋಡಿ, ಉಳಿದದ್ದು ಆಮೇಲೆ.

ಶಾಕಾಹಾರಿಗಳ ತಟ್ಟೆಯನ್ನು ಎಲ್ಲರಿಗಿಂತ ಮೊದಲು ತರಿಸಿ. ಇಲ್ಲದಿದ್ದರೆ ಉಳಿದವರು ತಿನ್ನುತ್ತಿರುವಾಗ ಅವರು ಕೈಕಟ್ಟಿ ಕೂತಿರುತ್ತಾರೆ, ಊಟದ ಖುಷಿಯೇ ಹೋಗುತ್ತದೆ. ಶಾಕಾಹಾರಿ ಗಾಡಿ ಸಿಗದಿದ್ದರೆ ಮಾಮಾಕ್‌ನ ಪರೋಟದಂಥ ರೋಟಿ ಚನಾಯ್ ಕೈಹಿಡಿಯುತ್ತದೆ, ಹಿಟ್ಟಿಗೆ ಮೊಟ್ಟೆ ಹಾಕಿಲ್ಲ ಅಂತ ಕೇಳಿಕೊಂಡು, ‘ದಾಲ್ ಸಾಜಾ’ ಅನ್ನಿ. ಬರೀ ಬೇಳೆ ಅಂತ. ಹಾಗೆ ಹೇಳದಿದ್ದರೆ ಪಕ್ಕದ ಬಟ್ಟಲಿನಲ್ಲಿ ಮೀನಿನ ಸಾರು ಬಂದಿರುತ್ತದೆ. ದೋಸೆ ‘ತೋಸೈ’ ಹೆಸರಿನಲ್ಲಿ ಸಿಗುತ್ತದೆ. ಪುಟು ಮಯಾಮ್ ಕಂಡರೆ ಕಣ್ಣುಮುಚ್ಚಿ ತಗೊಳ್ಳಿ, ಅದು ಒತ್ತು ಶಾವಿಗೆ, ಜೊತೆಗೆ ತೆಂಗಿನತುರಿ, ಕಂದು ಸಕ್ಕರೆ. ಮೂರು ದಿನ ನೂಡಲ್ಸ್ ನೋಡಿ ಬೇಸತ್ತ ನಮ್ಮಮ್ಮ ಇದರ ಮುಂದೆ ಅಕ್ಷರಶಃ ನಕ್ಕಿದ್ದರು.

ನಾಸಿ ಲೆಮಾಕ್‌ನ ತೆಂಗಿನ ಹಾಲಿನ ಅನ್ನ ಶಾಕಾಹಾರ, ಅದರ ಸಾಂಬಾಲ್ ಅಲ್ಲ. ಮೇಲಿರುವ ಗರಿಗರಿ ಸಣ್ಣ ಮೀನನ್ನು ಎತ್ತಿಟ್ಟರೆ ಮುಗಿಯಿತು ಅಂದುಕೊಳ್ಳಬೇಡಿ.

ಹಂತ 8: ಈ ಗುರುತುಗಳು ಕಂಡರೆ ನಿಲ್ಲಿ

ಚಾರ್ ಕುವೇ ತಿಯೋದಲ್ಲಿ ಕೆರಾಂಗ್ ಅನ್ನುವ ಚಿಪ್ಪಿನ ಮಾಂಸ ಹಾಕುತ್ತಾರೆ, ಮರುವಾಯಿಯ ಹಾಗಿರುತ್ತದೆ. ಅರೆಬೆಂದಿರುವುದೇ ರುಚಿ ಅಂತ ಇಲ್ಲಿನವರ ನಂಬಿಕೆ. ಅರೆಬೆಂದ ಚಿಪ್ಪಿನಿಂದ ಕಾಮಾಲೆ ತರುವ ಹೆಪಟೈಟಿಸ್ ಎ ಅಂಟಬಹುದು. ಮಕ್ಕಳು, ಬಸುರಿಯರು, ವಯಸ್ಸಾದವರು ಇದ್ದರೆ ‘ತಾ ಮಾವ್ ಕೆರಾಂಗ್’.

ನಗರಸಭೆಯವರು ಅಂಗಡಿಗಳ ಶುಚಿತ್ವಕ್ಕೆ ಎ, ಬಿ, ಸಿ ದರ್ಜೆಯ ಚೀಟಿ ಕೊಡುತ್ತಾರೆ, ಗೋಡೆ ನೋಡಿ. ಅದಕ್ಕಿಂತ ನಾನು ನಂಬುವುದು ಒಲೆಯನ್ನು. ಊಟದ ಹೊತ್ತಿನಲ್ಲಿ ಒಲೆ ಆರಿದ್ದು, ಹುರಿದ ರಾಶಿ ತೆರೆದೇ ಬಿದ್ದಿದ್ದರೆ ಮುಂದಕ್ಕೆ ಹೋಗಿ. ತಟ್ಟೆಯ ಅನ್ನಕ್ಕೆ ನೀವೇ ಬಡಿಸಿಕೊಳ್ಳುವ ಕಡೆ ಹನ್ನೆರಡಕ್ಕೆ ಬಿಸಿಯಿದ್ದ ಪಲ್ಯ ಮೂರಕ್ಕೆ ಹಾಗಿರುವುದಿಲ್ಲ.

ಮೆನು ಹಿಡಿದು ಬೀದಿಗೇ ಬಂದು ಎಳೆಯುವವರು, ಬೆಲೆ ಬರೆಯದೆ ತೂಕದ ಲೆಕ್ಕದಲ್ಲಿ ಮೀನು, ಏಡಿ ಮಾರುವವರು, ಇಬ್ಬರ ಹತ್ತಿರವೂ ಮೊದಲೇ ಬೆಲೆ ಕೇಳಿ. ಇಂಥದ್ದೊಂದು ಕಡೆ ಒಂದು ಮೀನಿಗೆ ಉಳಿದೆಲ್ಲ ಊಟಕ್ಕಿಂತ ಜಾಸ್ತಿ ತೆತ್ತು ಬಂದವನು ನಾನು. ಕೇಳದ್ದು ನನ್ನದೇ ತಪ್ಪು. ಹಾಗೇ, ಹೇಳದೆ ಮೇಜಿಗೆ ಬಂದ ಕಡಲೆಕಾಯಿ, ಒದ್ದೆ ಟಿಶ್ಯೂವಿಗೂ ದುಡ್ಡು ಹಿಡಿಯುತ್ತಾರೆ. ಬೇಡವಾದರೆ ಮುಟ್ಟದೆ ವಾಪಸ್ ಕಳಿಸಿ.

ಹಲಾಲ್ ಮತ್ತು ಹಲಾಲ್ ಅಲ್ಲದ ಗಾಡಿಗಳು ಒಂದೇ ಕಡೆ ಇದ್ದರೆ ತಟ್ಟೆಗಳ ಬಣ್ಣ ಬೇರೆಬೇರೆ ಇರಬಹುದು. ಒಂದರ ಮೇಲೊಂದು ಪೇರಿಸಬೇಡಿ. ಸಹಾಯ ಮಾಡಲು ಹೋಗಿ ಅವರ ಕೆಲಸ ಕೆಡಿಸಿದಂತೆ.

ಹಂತ 9: ಕೊನೆಗೆ ಚೆಂದೋಲ್, ಆಮೇಲೆ ಪೊಟ್ಟಣ

ಐಸಿನ ಸಿಹಿಯನ್ನು ಊಟ ಮುಗಿಯುವ ಮೊದಲು ಹೇಳಬೇಡಿ, ಕರಗಿ ನೀರಾಗುತ್ತದೆ. ಚೆಂದೋಲ್ ಅಂದರೆ ಪುಡಿ ಐಸ್, ತೆಂಗಿನ ಹಾಲು, ತಾಳೆ ಬೆಲ್ಲದ ಪಾಕ, ಅಕ್ಕಿ ಹಿಟ್ಟಿನ ಹಸಿರು ಎಳೆ, ಮೇಲೆ ಬೆಂದ ಕೆಂಪು ಕಾಳು. ಶಾಕಾಹಾರಿಗಳಿಗೆ ನಿಶ್ಚಿಂತೆ. ಇಬ್ಬರಿಗೆ ಒಂದು ಬಟ್ಟಲು ಸಾಕು. ಬಿಸಿ ಸಿಹಿ ಬೇಕಾದರೆ ಕಡಲೆಕಾಯಿ ಪುಡಿ ತುಂಬಿದ ಆಪಾಮ್ ಬಾಲಿಕ್, ಆದರೆ ಅದರ ಹಿಟ್ಟಿಗೆ ಮೊಟ್ಟೆ ಬೀಳುತ್ತದೆ.

ಟಿಪ್ಸ್ ಕೊಡುವ ರೂಢಿ ಇಲ್ಲ. ಉಳಿದದ್ದನ್ನು ಕಟ್ಟಿಸಿಕೊಳ್ಳಲು ಮಲಯದವರಿಗೆ ‘ಬುಂಗ್ಕುಸ್’, ಚೀನೀಯರಿಗೆ ‘ತಾಪಾವ್’ ಅನ್ನಿ. ಸಾರಿನ ನೂಡಲ್ಸ್ ಕಟ್ಟಿಸುವುದಾದರೆ ಸಾರು ಬೇರೆ, ನೂಡಲ್ಸ್ ಬೇರೆ ಪೊಟ್ಟಣ ಮಾಡಲು ಹೇಳಿ. ಟೀಯನ್ನೂ ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ದಾರ ಕಟ್ಟಿ, ಸ್ಟ್ರಾ ಸಿಕ್ಕಿಸಿ ಕೊಡುತ್ತಾರೆ. ಅದನ್ನು ಮಗುವಿನ ಕೈಗೆ ಕೊಟ್ಟು ಟ್ಯಾಕ್ಸಿ ಹತ್ತಬೇಡಿ.